ಮಾರ್ಕೋನಹಳ್ಳಿಯ ನೀರುನಾಯಿ ಲೆಕ್ಕ

ತುಮಕೂರಿನಲ್ಲಿ ಸಮುದ್ರವಿಲ್ಲ ಎಂಬುದನ್ನು ಆ ಹಲ್ಲಿನ ಡಾಕ್ಟರಿಗೆ ನಾನು ಎರಡು ಸಲ ಹೇಳಿದೆ. ಬಟವಾಡಿಯ ಅವರ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳಿಗೆ ಅದಕ್ಕಿಂತ ಹೆಚ್ಚು ಹೇಳಲು ಆಗುತ್ತಿರಲಿಲ್ಲ. ಅವರು ನನ್ನ ದವಡೆಗೆ ಹತ್ತಿ ತುರುಕುತ್ತಾ ಮಾತು ಮುಂದುವರಿಸಿದರು.

"ಫಾರಿನ್ನಲ್ಲಿ ಪೋರ್ಪಾಯ್ಸ್ ಅಂತ ಒಂದು ಪ್ರಾಣಿ ಇದೆ ಮೇಡಂ, ಡಾಲ್ಫಿನ್ ಥರ. ನೀರೊಳಗೆ ಮೈಕ್ ಬಿಟ್ಟು ಅದರ ಸದ್ದು ರೆಕಾರ್ಡ್ ಮಾಡ್ತಾರೆ. ದಡದಲ್ಲಿ ವಾಲಂಟಿಯರ್ಸ್ ಕೂತ್ಕೊಂಡು ಲೆಕ್ಕ ಹಾಕ್ತಾರೆ. ನಾವೂ ಮಾಡೋಣ. ನಮ್ಮ ಮಾರ್ಕೋನಹಳ್ಳಿ ಡ್ಯಾಮಲ್ಲಿ ನೀರುನಾಯಿ ಇದಾವಲ್ಲ!"

ನೀರುನಾಯಿ ಕೂಗುವುದು ನೀರಿನಿಂದ ತಲೆ ಎತ್ತಿ. ಅದನ್ನು ಕೇಳಲು ನೀರೊಳಗೆ ಮೈಕ್ ಇಳಿಬಿಡುವುದು, ಪಕ್ಕದ ಮನೆಯ ಜಗಳ ಕೇಳಲು ನಮ್ಮ ಮನೆಯ ನೀರಿನ ಸಂಪಿನೊಳಗೆ ಇಳಿದಷ್ಟೇ ಬುದ್ಧಿವಂತಿಕೆ. ಹತ್ತಿ ತೆಗೆದ ಕೂಡಲೇ ಇದನ್ನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಇನ್ನೊಂದು ವಿಷಯ ಹೇಳಿದರು. ಡ್ಯಾಮಿನ ಮೀನಿನ ಗುತ್ತಿಗೆದಾರ ಕುಣಿಗಲ್ಲಿನಲ್ಲಿ ಅರಣ್ಯ ಇಲಾಖೆಯ ರೇಂಜರಿಗೆ ಅರ್ಜಿ ಕೊಟ್ಟಿದ್ದ. ನೀರುನಾಯಿಗಳಿಂದ ಮೀನು ಸಿಗುತ್ತಿಲ್ಲ, ಬಲೆ ಹರಿಯುತ್ತಿವೆ, ಅವನ್ನು ಹಿಡಿದು ಬೇರೆ ಕಡೆ ಬಿಡಬೇಕು ಎಂದು.

"ಬೇರೆ ಕಡೆ ಅಂದ್ರೆ ಎಲ್ಲಿಗೆ?" ಎಂದೆ.

"ಗೋಣಿಚೀಲಕ್ಕೆ," ಎಂದರು ಡಾಕ್ಟರು.

ರೇಂಜರ್ ತಮ್ಮ ಅಭಿಪ್ರಾಯವನ್ನು ಮೇಲಕ್ಕೆ ಬರೆಯಬೇಕಿತ್ತು. ಅದಕ್ಕೆ ಮೊದಲು ನೀವೇ ಆರು ಭಾನುವಾರ ಎಣಿಸಿ ವರದಿ ಕೊಡಿ ಎಂದು ಡಾಕ್ಟರ ಪರಿಸರ ಬಳಗಕ್ಕೆ ಹೇಳಿದ್ದರು. ಮೈಕ್ ಕಟ್ಟಿಕೊಡಲು ನಾನು ಒಪ್ಪಿಕೊಂಡೆ. ನೀರುನಾಯಿಯ ಮೇಲಿನ ಕರುಣೆಯಿಂದ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್ ನಾನು. ಹುಡುಗರು ಸುಟ್ಟುಹಾಕಿದ ಗ್ಯಾಲ್ವನೋಮೀಟರ್ ರಿಪೇರಿ ಮಾಡು ಎಂಬುದನ್ನು ಬಿಟ್ಟು ಇಂಥದ್ದೊಂದು ಯಂತ್ರವನ್ನು ಹೊಸದಾಗಿ ಕಟ್ಟಿಕೊಡು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನನಗೆ ಜಂಬ ಬಂತು.

ಅಲಾರಂ ಗಡಿಯಾರದೊಳಗೆ ಬೀಪ್ ಎನ್ನುವ ಹಿತ್ತಾಳೆಯ ಬಿಲ್ಲೆ ಇರುತ್ತದಲ್ಲ, ಅದೇ ನನ್ನ ಮೈಕ್. ಕರೆಂಟು ಕೊಟ್ಟರೆ ಸದ್ದು ಮಾಡುವ ಆ ಬಿಲ್ಲೆಗೆ ಸದ್ದು ತಾಗಿದರೆ ಒಂದು ಚೂರು ಕರೆಂಟು ಹುಟ್ಟುತ್ತದೆ. ಅದಕ್ಕೆ ಮೂವತ್ತು ಮೀಟರ್ ವೈರು ಬೆಸೆದು, ಕ್ಯಾಮೆರಾ ರೀಲಿನ ಡಬ್ಬಿಯೊಳಗಿಟ್ಟು, ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದೆ. ಒಳಗೆ ಹರಳೆಣ್ಣೆ ತುಂಬಿದೆ. ಹರಳೆಣ್ಣೆಯಲ್ಲಿ ಸದ್ದು ಹೆಚ್ಚುಕಮ್ಮಿ ನೀರಿನಲ್ಲಿ ಹೋದಂತೆಯೇ ಹೋಗುತ್ತದೆ. ಒಂದು ಗುಳ್ಳೆ ಗಾಳಿ ಉಳಿದರೂ ಕೆಟ್ಟಿತು. ಮೊದಲನೆಯದು ಸೋರಿತು. ಎರಡನೆಯದರಲ್ಲಿ ಗುಳ್ಳೆ ಉಳಿಯಿತು. ಮೂರನೆಯದನ್ನು ಹಾಸ್ಟೆಲ್ಲಿನ ನೀರಿನ ತೊಟ್ಟಿಗೆ ಬಿಟ್ಟಾಗ ನಲ್ಲಿಯ ಒಂದೊಂದು ಹನಿಯೂ ತಮಟೆ ಬಾರಿಸಿದ ಹಾಗೆ ಕೇಳಿಸಿತು. ಸೋಪಿನ ಡಬ್ಬಿಯಲ್ಲಿ ಆಂಪ್ಲಿಫೈಯರ್ ಕೂರಿಸಿ ಕ್ಯಾಸೆಟ್ ರೆಕಾರ್ಡರಿಗೆ ಜೋಡಿಸಿದೆ. ಹದಿನೈದು ದಿನ ನನ್ನ ಕೈಯಿಂದ, ತಲೆಯಿಂದ ಹರಳೆಣ್ಣೆ ವಾಸನೆ ಹೋಗಲಿಲ್ಲ.

ಮೊದಲ ಭಾನುವಾರ ಟೆಂಪೋದಿಂದ ಇಳಿದ ಸ್ವಯಂಸೇವಕರನ್ನು ನೋಡಿ ನೀರುನಾಯಿ ಕಾಣುವ ಆಸೆ ಬಿಟ್ಟೆ. ಇಪ್ಪತ್ತಕ್ಕೂ ಹೆಚ್ಚು ಜನ. ಬೆಳ್ಳಗೆ ಹೊಳೆಯುವ ಶೂ, ಟೋಪಿ, ಮೂಗಿಗೆ ಬಡಿಯುವ ಸೆಂಟು. ಒಬ್ಬರು ಬೈನಾಕ್ಯುಲರ್ ತಂದಿದ್ದರು, ಆರು ವಾರವೂ ಅದರ ಮುಚ್ಚಳ ತೆಗೆಯಲಿಲ್ಲ. ಇನ್ನೊಬ್ಬರು ಹೆಂಡತಿ, ನಾದಿನಿ, ಚಿತ್ರಾನ್ನದ ಡಬ್ಬಿ ಎಲ್ಲವನ್ನೂ ಕರೆತಂದಿದ್ದರು. ನೀರುನಾಯಿ ಗಾಳಿಯಲ್ಲಿ ಮನುಷ್ಯನ ವಾಸನೆ ಹಿಡಿಯುತ್ತದೆ ಎಂದು ನಾನು ಹೇಳಿದಾಗ ನಾದಿನಿ ಕೇಳಿದಳು: "ಕಚ್ಚುತ್ತಾ?" ಕಚ್ಚಲಿ ಎಂದು ಮನಸ್ಸಿನಲ್ಲೇ ಹರಸಿದೆ.

ಹಿನ್ನೀರಿನ ದಡದಲ್ಲಿ ಎಂಟು ಪಾಯಿಂಟ್ ಗುರುತು ಮಾಡಿದ್ದೆವು. ಒಂದೊಂದು ಪಾಯಿಂಟಿಗೆ ಒಂದು ಶೀಟು, ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಕಾಲು ಗಂಟೆಗೊಂದು ಸಾಲು, ಒಟ್ಟು ಹನ್ನೆರಡು ಸಾಲು. ಕಂಡಷ್ಟು ಬರೆಯಬೇಕು. ಇಷ್ಟೇ ಕೆಲಸ, ಮೂರನೇ ಕ್ಲಾಸಿನ ಮಗು ಮಾಡಬಹುದಾದದ್ದು. ಶೀಟು ಹಂಚಿ ಬರೆಯುವುದನ್ನು ಹೇಳಿಕೊಡುವ ಕೆಲಸವನ್ನು ಗುಬ್ಬಿಯ ಒಬ್ಬ ಕಿರಾಣಿ ಅಂಗಡಿಯ ಯಜಮಾನರು ತಾವಾಗಿಯೇ ವಹಿಸಿಕೊಂಡರು. ಬಳಗಕ್ಕೆ ಟೆಂಪೋ ಕೊಡಿಸಿದ್ದೂ ಅವರೇ. ನೀರೊಳಗಿನ ಮೈಕಿನ ಬಳಿ ಹೆಡ್‌ಫೋನ್ ಹಾಕಿಕೊಂಡು ಕೂರಲು ಊರ್ಡಿಗೆರೆಯ ಒಬ್ಬ ಪ್ರೈಮರಿ ಸ್ಕೂಲ್ ಟೀಚರನ್ನು ಹಾಕಿದೆ. ಮಾತಾಡದ ಹೆಂಗಸು, ಅದೊಂದೇ ಕಾರಣಕ್ಕೆ ಆರಿಸಿದ್ದು. ಕ್ಯಾಸೆಟ್ ತಿರುಗಿಸುವುದು, ಕೇಳಿಸಿದ್ದನ್ನು ಗಂಟೆ ಸಮೇತ ಬೇರೆ ನೋಟ್‌ಬುಕ್ಕಿನಲ್ಲಿ ಬರೆಯುವುದು ಅವರ ಕೆಲಸ.

ಆ ದಿನ ಐದನೇ ಪಾಯಿಂಟಿನಲ್ಲಿ ನಾನೇ ಕಣ್ಣಾರೆ ನೋಡಿದೆ. ಎದುರು ದಡದಲ್ಲಿ ಬಿರುಕು ಬಿಟ್ಟ ದೊಡ್ಡ ಬಂಡೆ. ಬಿರುಕಿನಿಂದ ಒಂದು ದೊಡ್ಡದು ಇಳಿದು ನೀರಿಗೆ ಜಾರಿತು. ಹಿಂದೆಯೇ ಇನ್ನೊಂದು. ಆಮೇಲೆ ಎರಡು ಮರಿಗಳು ಬಂಡೆಯ ಅಂಚಿಗೆ ಬಂದು ಇಳಿಯಲು ಹೆದರಿ ಕೀಚಲು ದನಿಯಲ್ಲಿ ಕೂಗಿದವು. ತಾಯಿ ವಾಪಸ್ಸು ಬಂದು ಒಂದರ ಕತ್ತು ಕಚ್ಚಿ ನೀರಿಗೆ ಎಳೆದುಕೊಂಡಿತು. ಇನ್ನೊಂದು ತಾನಾಗಿಯೇ ಬಿತ್ತು. ಅಲ್ಲಿಯವರೆಗೆ ನನಗೆ ಇದು ಯಂತ್ರದ ವಿಷಯವಾಗಿತ್ತು. ಆಮೇಲೆ ಆ ಗೋಣಿಚೀಲದ ಮಾತು ನೆನಪಾದಾಗೆಲ್ಲ ಆ ಎರಡು ಮರಿಗಳೇ ಕಣ್ಣ ಮುಂದೆ ಬರುತ್ತಿದ್ದವು.

ಎರಡನೇ ಭಾನುವಾರದ ನೋಟ್‌ಬುಕ್ಕಿನಲ್ಲಿ ಟೀಚರು ಬರೆದಿದ್ದರು: "ಏಳು ಇಪ್ಪತ್ತು. ಧಪ್ ಎಂದು ದೊಡ್ಡ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ. ವೈರನ್ನು ಯಾರೂ ಮುಟ್ಟಿಲ್ಲ." ಮನೆಗೆ ಹೋಗಿ ಕ್ಯಾಸೆಟ್ ಹಾಕಿದೆ. ಧಪ್, ಎರಡು ಸೆಕೆಂಡು ಮೌನ, ಮತ್ತೆ ನೀರಿನ ಸದ್ದು. ವೈರು ಲೂಸಾದರೆ ಹೀಗೇ ಆಗುತ್ತದೆ. ಟೀಚರ ಸೆರಗು ಸಿಕ್ಕಿರಬೇಕು, ಕಾಲು ತಗುಲಿರಬೇಕು. ಆ ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, "ವೈರು ಅಲುಗಿದೆ. ಜಾಗ್ರತೆ" ಎಂದು ಬರೆದೆ. ಮೂರನೇ ಭಾನುವಾರ ಮತ್ತೆ: "ಏಳು ಐವತ್ತು. ಧಪ್. ನಾನು ಕದಲಿಲ್ಲ. ಕೊಕ್ಕರೆಗಳು ಎದ್ದು ಗುಡ್ಡದ ಆಚೆಗೆ ಹಾರಿದವು." ಕೊಕ್ಕರೆಯ ವಿಷಯ ಕೇಳಿದವರು ಯಾರು? ಈ ಸಲ ಎರಡು ಗೆರೆ ಎಳೆದೆ. ಅದರ ಮುಂದಿನ ವಾರದಿಂದ ನೋಟ್‌ಬುಕ್ಕಿನಲ್ಲಿ ಬರೀ ಮೀನು ಜಿಗಿದದ್ದು, ಎಮ್ಮೆ ನೀರಿಗಿಳಿದದ್ದು. ಟೀಚರು ಪಾಠ ಕಲಿತರು ಎಂದುಕೊಂಡೆ. ಅವರು ಗುರುತು ಮಾಡಿದ ಜಾಗ ಬಿಟ್ಟು ಉಳಿದ ಕ್ಯಾಸೆಟ್ ಕೇಳುವುದನ್ನೂ ಬಿಟ್ಟೆ. ಹೊಸ ಕ್ಯಾಸೆಟ್ ದುಬಾರಿ ಎಂದು ಹಳೆಯದರ ಮೇಲೆಯೇ ಮತ್ತೆ ರೆಕಾರ್ಡ್ ಮಾಡಿಸಿದೆ.

ಆರು ಭಾನುವಾರ ಮುಗಿದ ಮೇಲೆ ಶೀಟುಗಳು ಸೀದಾ ಡಾಕ್ಟರ ಬಳಿ ಹೋದವು. ಮಂಗಳವಾರದ ಸ್ಥಳೀಯ ಪೇಪರಿನಲ್ಲಿ ಅವರ ಫೋಟೋ ಸಮೇತ ಬಂದೇಬಿಟ್ಟಿತು: ಮಾರ್ಕೋನಹಳ್ಳಿಯಲ್ಲಿ ಅರವತ್ತೆರಡು ನೀರುನಾಯಿ. ಆ ಸಂಜೆಯೇ ಬಳಗದವರು ಡಾಕ್ಟರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಭಾಷಣ ರೆಕಾರ್ಡ್ ಮಾಡಲು ಒಂದು ಕ್ಯಾಸೆಟ್ ಬೇಕು ಎಂದಾಗ ನಾನೇ ಆರನೇ ಭಾನುವಾರದ್ದನ್ನು ಕೊಟ್ಟೆ. ಅದರಲ್ಲಿ ಏನೂ ಇಲ್ಲ ಅಂದುಕೊಂಡಿದ್ದೆ.

ಗುರುವಾರ ಕುಣಿಗಲ್ಲಿನಿಂದ ಬುಲಾವ್ ಬಂತು. ಡಾಕ್ಟರೂ ನಾನೂ ಹೋದೆವು. ರೇಂಜರ್ ಪೇಪರಿನ ಕಟಿಂಗನ್ನು ಮೇಜಿನ ಮೇಲೆ ತಳ್ಳಿದರು.

"ನೀವು ಸಹಾಯ ಮಾಡ್ತೀರಾ ಅಂದ್ಕೊಂಡಿದ್ದೆ. ಈ ಕಟಿಂಗನ್ನೇ ಅರ್ಜಿಗೆ ಅಂಟಿಸ್ಕೊಂಡು ಬಂದವ್ನೆ ಆ ಗುತ್ತಿಗೆದಾರ. ಅರವತ್ತೆರಡು ನೀರುನಾಯಿ ದಿನಾ ತಿಂದ್ರೆ ಮೀನೆಲ್ಲಿ ಉಳೀತದೆ ಸ್ವಾಮಿ ಅಂತಾನೆ. ಏನ್ ಉತ್ತರ ಕೊಡ್ಲಿ?"

"ಅಷ್ಟೊಂದು ಇದ್ರೆ ಒಳ್ಳೇದಲ್ವಾ ಸಾರ್?" ಎಂದರು ಡಾಕ್ಟರು.

ರೇಂಜರ್ ಅವರನ್ನು ನೋಡಿದ ನೋಟ ನನಗೆ ತುಂಬಾ ಹಿಡಿಸಿತು. "ಹತ್ತು ದಿನ ಟೈಮ್ ಇದೆ. ಆಮೇಲೆ ನಾನು ಬರೀಲೇಬೇಕು," ಎಂದರು.

ಅಂದು ಸಂಜೆ ನಲವತ್ತೆಂಟು ಶೀಟುಗಳನ್ನೂ ಲ್ಯಾಬಿನ ಮೇಜಿನ ಮೇಲೆ ಹರಡಿದೆ. ಮೊದಲ ದಡ್ಡತನ ತಕ್ಷಣ ಸಿಕ್ಕಿತು. ಡಾಕ್ಟರು ಆರೂ ಭಾನುವಾರಗಳನ್ನು ಒಟ್ಟಿಗೆ ಕೂಡಿಸಿದ್ದರು. ಆರು ದಿನ ಅದೇ ಹಾಲಿನವನು ಬಂದರೆ ಆರು ಜನ ಹಾಲಿನವರು ಎಂಬ ಲೆಕ್ಕ. ಎರಡನೆಯದು ಇನ್ನೂ ವಿಚಿತ್ರ. ಆರು ಗಂಟೆಯ ಸಾಲಿನಲ್ಲಿ, ಎಂಟೂ ಪಾಯಿಂಟಿನಲ್ಲಿ, ಆರೂ ಭಾನುವಾರ, ಎಲ್ಲ ಶೀಟಿನಲ್ಲೂ ಒಂದು ಎಂದು ಬರೆದಿತ್ತು. ಸೊನ್ನೆಯಿಂದ ಶುರುವಾದ ಶೀಟು ಒಂದೂ ಇರಲಿಲ್ಲ. ನಲವತ್ತೆಂಟು ಒಂದುಗಳನ್ನು ತೆಗೆದರೆ ಉಳಿದದ್ದು ಹದಿನಾಲ್ಕು. ಅಷ್ಟೂ ಐದನೇ ಪಾಯಿಂಟಿನದೇ. ಒಂದು ದಿನ ನಾಲ್ಕು, ಒಂದು ದಿನ ಮೂರು, ಮತ್ತೆ ನಾಲ್ಕು, ಮತ್ತೆ ಮೂರು, ಕೊನೆಯ ಎರಡು ಭಾನುವಾರ ಏನೂ ಇಲ್ಲ. ಅಂದರೆ ಇಡೀ ಹಿನ್ನೀರಿನಲ್ಲಿ ನಮಗೆ ಕಂಡದ್ದು ನಾನು ನೋಡಿದ ಆ ಒಂದೇ ಸಂಸಾರ.

ಮಾರನೆಯ ದಿನ ರಜೆ ಹಾಕಿ ಗುಬ್ಬಿಗೆ ಬಸ್ಸು ಹತ್ತಿದೆ. ಯಜಮಾನರು ಗಲ್ಲಾಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚುತ್ತಿದ್ದರು.

"ಯಜಮಾನ್ರೇ, ಎಲ್ಲಾ ಶೀಟಲ್ಲೂ ಆರು ಗಂಟೆ ಸಾಲಲ್ಲಿ ಒಂದು ಅಂತಾನೇ ಇದೆಯಲ್ಲ, ಯಾಕೆ?"

"ಅದಾ? ಅದು ಬೋಣಿ ಕಣಮ್ಮ."

"ಏನು ಬೋಣಿ?"

"ಬೆಳ್ಗೆ ಬೆಳ್ಗೆ ಮೊದಲ್ನೇ ಸಾಲಲ್ಲೇ ಸೊನ್ನೆ ಬರೀತಾರಾ ಯಾರಾದ್ರೂವೆ? ಬೋಣಿ ಸೊನ್ನೆ ಆದ್ರೆ ದಿನಾಪೂರ್ತಿ ಸೊನ್ನೇನೆ. ಅದ್ಕೇ ಎಲ್ರಿಗೂ ಹೇಳಿದ್ದೆ, ಮೊದ್ಲು ಒಂದು ಹಾಕ್ಬುಡಿ, ಆಮೇಲೆ ಕಂಡಷ್ಟು ಬರ್ಕಳಿ ಅಂತ."

ಇಪ್ಪತ್ತು ಮಂದಿ ಓದಿದವರು. ಅದರಲ್ಲಿ ಇಬ್ಬರು ಲೆಕ್ಚರರು, ಒಬ್ಬ ಇಂಜಿನಿಯರ್. ಒಬ್ಬರೂ ಕೇಳಲಿಲ್ಲ. ನಾನು ಆ ಅಂಗಡಿಯಲ್ಲಿ ನಿಂತು, ಬೇಳೆ ಕೊಳ್ಳಲು ಬಂದವರ ಎದುರಿಗೇ, ಅವರ ಮೂಢತನದಿಂದ ನಾಲ್ಕು ಜೀವ ಹೋಗುತ್ತವೆ ಎಂದು ಬಾಯಿಗೆ ಬಂದಂತೆ ಅಂದೆ. ಅವರು ಊದುಬತ್ತಿಯನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು. ಕೊನೆಗೆ ಮೆಲ್ಲಗೆ ಹೇಳಿದರು: "ಅವು ಬರ್ಲಿ ಅಂತ ಮಾಡ್ದೆ ಕಣಮ್ಮ. ಕೆಟ್ಟದ್ದಾಗ್ಲಿ ಅಂತಲ್ಲ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಕೂತಿದ್ದೆ. ಅರವತ್ತೆರಡಲ್ಲ, ನಾಲ್ಕು ಎಂದು ರೇಂಜರಿಗೆ ಬರೆದುಕೊಟ್ಟರಾಯಿತು. ಆದರೆ ಅವರು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: ನಾಲ್ಕೇ ಇದ್ದರೆ ಮೀನು ಕಮ್ಮಿಯಾದದ್ದು ಯಾಕೆ? ಅದಕ್ಕೇನಾದರೂ ಸಿಗುತ್ತದೆಯೇ ಎಂದು ಟೀಚರ ನೋಟ್‌ಬುಕ್ಕನ್ನು ತಿರುವಿದೆ. ನನ್ನ ಕೆಂಪು ಗೆರೆಗಳ ಕೆಳಗೆ ಆ ಎರಡು ಸಾಲು ಕಂಡವು. ಕೊಕ್ಕರೆಗಳು ಎದ್ದು ಗುಡ್ಡದ ಆಚೆಗೆ ಹಾರಿದವು. ಕೊಕ್ಕರೆ ಹೆದರಿದರೆ ಸದ್ದಿನಿಂದ ದೂರ ಹೋಗಬೇಕು. ಒಂದೇ ದಿಕ್ಕಿಗೆ ಧಾವಿಸುವುದು ಊಟ ಕಂಡಾಗ. ಗುಡ್ಡದ ಆಚೆ ಏನು ಊಟ?

ಮೈಕನ್ನು ಹಾಸ್ಟೆಲ್ಲಿನ ತೊಟ್ಟಿಗೆ ಬಿಟ್ಟೆ. ವೈರನ್ನು ಅಲುಗಿಸಿದೆ, ಎಳೆದೆ, ಚಪ್ಪಲಿಯಲ್ಲಿ ಹೊಡೆದೆ. ಕರಕರ ಎಂದಿತೇ ಹೊರತು ಮೌನ ಬರಲಿಲ್ಲ. ಆಮೇಲೆ ಎರಡು ಕಲ್ಲು ತೆಗೆದುಕೊಂಡು ನೀರೊಳಗೆ ಕೈ ಮುಳುಗಿಸಿ ಬಲವಾಗಿ ಒಂದಕ್ಕೊಂದು ಹೊಡೆದೆ. ಧಪ್. ಎರಡು ಸೆಕೆಂಡು ಮೌನ. ಆಂಪ್ಲಿಫೈಯರಿಗೆ ತಡೆಯಲಾಗದಷ್ಟು ದೊಡ್ಡ ಸದ್ದು ಬಂದರೆ ಅದು ಉಸಿರು ಕಟ್ಟಿದಂತೆ ಸುಮ್ಮನಾಗಿ ಚೇತರಿಸಿಕೊಳ್ಳುತ್ತದೆ. ಅದನ್ನು ಕಟ್ಟಿದವಳು ನಾನು, ನನಗೆ ಗೊತ್ತಿರಬೇಕಿತ್ತು. ಗುಡ್ಡದ ಆಚೆ ಯಾರೋ ಕಲ್ಲುಕ್ವಾರಿಯಲ್ಲಿ ಬಂಡೆ ಒಡೆಯುವ ಮದ್ದನ್ನು ನೀರೊಳಗೆ ಸಿಡಿಸಿ ಮೀನು ಸಾಯಿಸುತ್ತಿದ್ದರು. ಬಲೆಗೆ ಮೀನು ಸಿಗದಿರುವುದಕ್ಕೆ ಅದು ಕಾರಣ. ಟೀಚರ ಸೆರಗು ಎಲ್ಲಿಯೂ ಸಿಕ್ಕಿರಲಿಲ್ಲ.

ಕ್ಯಾಸೆಟ್ ಹುಡುಕಿದೆ. ಎರಡು, ಮೂರನೇ ಭಾನುವಾರದ್ದರ ಮೇಲೆ ನಾಲ್ಕು, ಐದನೆಯದು ರೆಕಾರ್ಡ್ ಆಗಿತ್ತು, ಅವುಗಳ ಮೇಲೆ ಆಮೇಲೆ ಇನ್ನೇನೋ ತುಂಬಿತ್ತು. ಆರನೆಯದರಲ್ಲಿ ಡಾಕ್ಟರು ಪರಿಸರದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದರು. ಉಳಿದದ್ದು ನಾನೇ ಹೊಡೆದುಹಾಕಿದ ಎರಡು ಸಾಲು.

ಯೋಚಿಸಲು ಒಂದು ದಿನ ತೆಗೆದುಕೊಂಡೆ. ಬೋಣಿಯ ಕಥೆ ಮಾತ್ರ ಹೇಳಿದರೆ ನಗೆಪಾಟಲಾಗುವುದು ಯಜಮಾನರು, ಡಾಕ್ಟರು. ನಾನು ಸತ್ಯ ಕಂಡುಹಿಡಿದ ಜಾಣೆ. ನೋಟ್‌ಬುಕ್ ತೋರಿಸಿದರೆ ನನ್ನ ಕೆಂಪು ಅಕ್ಷರವನ್ನು ಮೊದಲು ತೋರಿಸಬೇಕು. ಸೋಮವಾರ ಅದನ್ನು ರೇಂಜರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಪುಟ ತಿರುವಿದರು.

"ಎರಡೇ ಸಲಾನಾ? ಆಮೇಲೆ ಮದ್ದು ಹಾಕೋದು ನಿಲ್ಸಿಬಿಟ್ರಾ ಅವ್ರು?"

"ಗೊತ್ತಿಲ್ಲ ಸಾರ್."

"ಕೇಳ್ಕೊಂಡ್ ಬನ್ನಿ. ಭಾನುವಾರ ನಾನೇ ಬಂದು ಕೂತ್ಕೋತೀನಿ. ಈ ಸಲ ಪೇಪರ್ನೋರಿಗೆ ಹೇಳ್ಬೇಡಿ."

ಊರ್ಡಿಗೆರೆಯ ಸ್ಕೂಲಿನಲ್ಲಿ ಟೀಚರು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಹೊರಗೆ ಬಂದು ಬಾಗಿಲ ಬಳಿಯೇ ನಿಂತರು. ನಾನು ಕ್ಷಮೆ ಕೇಳುವ ಮಾತನ್ನು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದೆ. ಆದರೆ ಬಾಯಿಗೆ ಬಂದದ್ದು ಪ್ರಶ್ನೆ.

"ಮೂರನೇ ವಾರ ಆದ್ಮೇಲೆ ಆ ಸದ್ದು ಮತ್ತೆ ಕೇಳಿಸ್ಲಿಲ್ವಾ ಟೀಚರ್?"

"ಕೇಳಿಸ್ತು ಮೇಡಂ. ಪ್ರತಿ ಭಾನುವಾರವೂ. ಕೊನೇ ವಾರ ಎರಡು ಸಲ. ಐದನೇ ಪಾಯಿಂಟಿಗೆ ಹತ್ರಾನೇ ಅನ್ನಿಸ್ತು."

"ಮತ್ತೆ ಬರೀಲಿಲ್ಲ ಯಾಕೆ?"

"ಬರೆದ್ರೆ ಹೊಡೆದಾಕ್ತಿದ್ರಲ್ಲ," ಎಂದರು. ಅವರಿಗೆ ಸಿಟ್ಟೇನೂ ಇರಲಿಲ್ಲ. ಮಕ್ಕಳ ಪುಸ್ತಕ ತಿದ್ದುವವರಿಗೆ ಗೊತ್ತಿರುವ ಒಂದು ವಿಷಯವನ್ನು ಹೇಳಿದರು, ಅಷ್ಟೆ. ನಾನು ಸಿದ್ಧ ಮಾಡಿಕೊಂಡ ಮಾತನ್ನು ಹೇಳಿದೆ. ಅದು ಬಹಳ ಸಣ್ಣದಾಗಿ ಕೇಳಿಸಿತು. ಭಾನುವಾರ ಬರುತ್ತೇನೆ ಎಂದು ಒಪ್ಪಿಕೊಂಡು ಅವರು ಒಳಗೆ ಹೋದರು.

ಏಳನೇ ಭಾನುವಾರ ಟೆಂಪೋ ಇಲ್ಲ, ಚಿತ್ರಾನ್ನ ಇಲ್ಲ. ರೇಂಜರ್ ತಮ್ಮ ಗಾರ್ಡುಗಳಿಬ್ಬರನ್ನು ಹಿಂದಿನ ಸಂಜೆಯೇ ಗುಡ್ಡದ ಆಚೆ ಕೂರಿಸಿದ್ದರು. ಡಾಕ್ಟರು ಶಾಲಿಲ್ಲದೆ, ಮಾತಿಲ್ಲದೆ ಬಂದರು. ಯಜಮಾನರು ಒಬ್ಬರೇ ಗುಬ್ಬಿಯಿಂದ ಸ್ಕೂಟರಿನಲ್ಲಿ ಬಂದು, ನನ್ನ ಮುಖ ನೋಡದೆ, ಒಂದು ಶೀಟು ಕೇಳಿ ತೆಗೆದುಕೊಂಡು ಐದನೇ ಪಾಯಿಂಟಿಗೆ ನಡೆದರು. ಟೀಚರು ಹೆಡ್‌ಫೋನನ್ನು ರೇಂಜರಿಗೆ ಕೊಟ್ಟು ಪಕ್ಕದಲ್ಲಿ ಗಡಿಯಾರ ಹಿಡಿದು ಕೂತರು.

ಏಳು ನಲವತ್ತಕ್ಕೆ ರೇಂಜರ್ ಹೆಡ್‌ಫೋನ್ ಕಿತ್ತು ನೆಲಕ್ಕೆ ಎಸೆದು ಎರಡೂ ಕಿವಿ ಮುಚ್ಚಿಕೊಂಡರು. ನಮಗೆ ಹೊರಗೆ ಏನೂ ಕೇಳಿಸಲಿಲ್ಲ. ನೀರು ಮಲಗಿದಂತಿತ್ತು. ಕೊಕ್ಕರೆಗಳು ಎದ್ದು ಗುಡ್ಡದ ಆಚೆಗೆ ಹೊರಟವು. ಟೀಚರು ಗಂಟೆ ಬರೆದುಕೊಂಡರು.

ಅರ್ಧ ಗಂಟೆಯಲ್ಲಿ ಗಾರ್ಡುಗಳು ಇಬ್ಬರನ್ನು ಹಿಡಿದು ತಂದರು. ಜೊತೆಗೆ ತೆಪ್ಪದಲ್ಲಿ ಹೊಟ್ಟೆ ಮೇಲಾದ ಮೀನು, ಎಣ್ಣೆ ಕಾಗದದಲ್ಲಿ ಸುತ್ತಿದ ಮದ್ದು, ಬತ್ತಿ. ಮೀನು ಯಾರಿಗೆ ಮಾರುತ್ತೀರಿ ಎಂದು ಕೇಳಿದ್ದಕ್ಕೆ ಅವರು ಹೇಳಿದ ಹೆಸರು ಅರ್ಜಿ ಬರೆದ ಗುತ್ತಿಗೆದಾರನದೇ. ರೇಂಜರ್ ಜೀಪಿನ ಬಾನೆಟ್ ಮೇಲೆ ಆ ಅರ್ಜಿಯನ್ನಿಟ್ಟು, ತಿರಸ್ಕರಿಸಬಹುದು ಎಂದು ಅಲ್ಲೇ ಬರೆದು ಸಹಿ ಹಾಕಿದರು. ಡಾಕ್ಟರು ಚಪ್ಪಾಳೆ ತಟ್ಟಿ, ಯಾರೂ ಜೊತೆಗೂಡದೆ ಇದ್ದಾಗ ನಿಲ್ಲಿಸಿದರು. ನಾವು ಗೆದ್ದಿದ್ದೆವು. ನಾನು ಅದನ್ನು ಹೇಳಲು ಐದನೇ ಪಾಯಿಂಟಿಗೆ ಹೋದೆ.

ಯಜಮಾನರು ಮರದ ಬುಡದಲ್ಲಿ ಮಂಡಿ ಮೇಲೆ ಶೀಟಿಟ್ಟುಕೊಂಡು ಕೂತಿದ್ದರು. ಹನ್ನೆರಡು ಸಾಲಿನಲ್ಲೂ ಸೊನ್ನೆ. ಮೊದಲ ಸೊನ್ನೆಯನ್ನು ಅವರು ತುಂಬ ಹೊತ್ತು ತಿದ್ದಿ ಬರೆದಂತಿತ್ತು, ಕಾಗದ ತೂತಾಗಿತ್ತು.

"ಒಂಬತ್ತಾಯ್ತು ಯಜಮಾನ್ರೇ, ಏಳಿ," ಎಂದೆ.

"ಇನ್ನೊಂದ್ ಕಾಲ್ಗಂಟೆ ನೋಡ್ಬುಡಾಣ ಕಣಮ್ಮ."

ನಾನು ಮೊಣಕಾಲುದ್ದ ನೀರಿದ್ದ ಕಡೆ ದಾಟಿ ಎದುರು ದಡಕ್ಕೆ ಹೋಗಿ ಬಂಡೆಯ ಬಿರುಕನ್ನು ನೋಡಿ ಬಂದೆ. ಹೊರಗೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಒಣಗಿ ಪುಡಿಯಾಗಿತ್ತು. ಹೊಸದು ಇರಲಿಲ್ಲ. ಒದ್ದೆ ಮಣ್ಣಿನಲ್ಲಿ ಹೆಜ್ಜೆ ಇರಲಿಲ್ಲ. ಆ ವರ್ಷವಾಗಲಿ ಮುಂದಿನ ವರ್ಷವಾಗಲಿ ಆ ಬಂಡೆಗೆ ಅವು ಮತ್ತೆ ಬರಲಿಲ್ಲ. ಮದ್ದಿಗೆ ಸತ್ತವೋ, ಮರಿಗಳನ್ನು ಕಚ್ಚಿಕೊಂಡು ಬೇರೆಲ್ಲಿಗೋ ಹೋದವೋ ತಿಳಿಯದು. ನಾಲ್ಕನೇ ವಾರವೇ ಗಾರ್ಡುಗಳು ಗುಡ್ಡದ ಆಚೆ ಕೂತಿದ್ದರೆ ತಿಳಿಯಬೇಕಾದ ಅಗತ್ಯವೇ ಬರುತ್ತಿರಲಿಲ್ಲ. ಅದನ್ನು ತಪ್ಪಿಸಿದ್ದು ಬೋಣಿ ಹಾಕಿದ ಯಜಮಾನರಲ್ಲ.

ನಾನು ವಾಪಸ್ಸು ಬಂದಾಗಲೂ ಅವರು ಬಂಡೆಯಿಂದ ಕಣ್ಣು ತೆಗೆದಿರಲಿಲ್ಲ. ಶೀಟಿನಲ್ಲಿ ಸಾಲು ಮುಗಿದಿತ್ತು. ನಾನು ಪಕ್ಕದಲ್ಲಿ ಕೂತು, ಪೆನ್ನು ಇಸಿದುಕೊಂಡು, ಕೆಳಗೆ ಹದಿಮೂರನೆಯ ಗೆರೆ ಎಳೆದೆ. ಒಂಬತ್ತೂ ಕಾಲಾಯಿತು. ಅವರು ಪೆನ್ನಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಆ ಸೊನ್ನೆಯನ್ನು ನಾನೇ ಬರೆದೆ.